ನಲವತ್ತೆರಡು ಎಸೆತ

ಅಪ್ಪ ತೀರಿಕೊಂಡ ವರ್ಷ ಪೌತಿ ಖಾತೆ ಮಾಡಿಸಲೆಂದು ಒಂದು ಕಚೇರಿಗೆ ಏಳು ಸಲ ಅಲೆದೆ. ಒಂದು ದಿನ ಸಾಹೇಬರು ಮೀಟಿಂಗಿನಲ್ಲಿ, ಇನ್ನೊಂದು ದಿನ ಸರ್ವರ್ ಡೌನ್, ಮತ್ತೊಂದು ದಿನ ವಂಶವೃಕ್ಷದ ಪ್ರತಿಯ ಮೇಲೆ ಸೀಲು ಸರಿಯಾಗಿ ಬಿದ್ದಿಲ್ಲ. ಏಳನೆಯ ದಿನ, ಹೊರಗೆ ಬೇವಿನ ಮರದಡಿ ಕೂತು ಅರ್ಜಿ ಬರೆದುಕೊಡುವವನು ನನ್ನ ಮುಖ ನೋಡಿ, "ಒಳಗೆ ಸ್ವಲ್ಪ ನೋಡ್ಕೊಂಡ್ಬಿಡಿ ಅಣ್ಣ, ಆಗ್ಹೋಗುತ್ತೆ" ಅಂದ. ಎಷ್ಟು ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅರ್ಜಿಯ ಮಡಿಕೆಯೊಳಗೆ ನೋಟು ಇಟ್ಟು ಕೊಟ್ಟೆ. ಗುಮಾಸ್ತರು ಅದನ್ನು ಬಿಡಿಸಿಯೂ ನೋಡದೆ ಡ್ರಾಯರಿಗೆ ಸೇರಿಸಿ, "ಸೋಮವಾರ ಬನ್ನಿ" ಅಂದರು. ಸೋಮವಾರ ಕೆಲಸ ಆಗಿತ್ತು. ಸರ್ಕಾರಿ ಶುಲ್ಕಕ್ಕೆ ಕೊಟ್ಟ ರಸೀದಿ ಈಗಲೂ ನನ್ನ ಹತ್ತಿರ ಇದೆ. ಮಡಿಕೆಯಲ್ಲಿಟ್ಟದ್ದಕ್ಕೆ ಯಾವ ಕಾಗದವೂ ಇಲ್ಲ. ಕೊಟ್ಟೆನಲ್ಲ ಎಂಬ ಮುಳ್ಳು ಮಾತ್ರ ಒಳಗೆ ಉಳಿದಿದೆ.

ಆ ನೋಟುಗಳನ್ನು ಯಾರು ಎಣಿಸಬೇಕು, ಹೇಗೆ ಎಣಿಸಬೇಕು ಎಂಬುದೇ ಈ ಅಧ್ಯಾಯದ ಪ್ರಶ್ನೆ. ಕಳ್ಳತನವಾದರೆ ಕಳೆದುಕೊಂಡವನು ಠಾಣೆಯ ಮೆಟ್ಟಿಲು ಹತ್ತುತ್ತಾನೆ, ಹಾಗಾಗಿ ಕಳ್ಳತನಕ್ಕೆ ಒಂದು ಲೆಕ್ಕ ಸಿಗುತ್ತದೆ. ಲಂಚದಲ್ಲಿ ಕೊಟ್ಟವನೂ ಬಾಯಿ ಬಿಡುವುದಿಲ್ಲ, ತೆಗೆದುಕೊಂಡವನೂ ಬಿಡುವುದಿಲ್ಲ. ದಾಖಲಾದ ಪ್ರಕರಣಗಳನ್ನೇ ಎಣಿಸೋಣವೆಂದರೆ, ಲೋಕಾಯುಕ್ತದವರು ಹೆಚ್ಚು ಬಲೆ ಬೀಸಿದ ವರ್ಷ ಸಂಖ್ಯೆ ಏರುತ್ತದೆ. ಏರಿದ್ದು ಲಂಚವೋ, ಹಿಡಿಯುವವರ ಚುರುಕುತನವೋ ಅದರಿಂದ ತಿಳಿಯುವುದಿಲ್ಲ. ಹಿಡಿಯುವವರೇ ಇಲ್ಲದ ದೇಶದ ದಾಖಲೆ ಹಾಲಿನಷ್ಟು ಬಿಳಿ. ಒಂದು ದೇಶದ ನೌಕರರನ್ನು ಇನ್ನೊಂದು ದೇಶದವರ ಪಕ್ಕದಲ್ಲಿ ಇಟ್ಟು ನೋಡಹೊರಟರೆ ಈ ತೊಡಕು ಇನ್ನೂ ಹೆಚ್ಚುತ್ತದೆ.

ಮೊದಲು ಹೊಳೆದ ಉಪಾಯ, ಬಲ್ಲವರನ್ನು ಕೇಳುವುದು. ಬರ್ಲಿನ್ನಿನ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆ 1995 ರಲ್ಲಿ 41 ದೇಶಗಳ ಪಟ್ಟಿಯೊಂದನ್ನು ಹೊರತಂದಿತು. ನ್ಯೂಜಿಲೆಂಡ್ ಎಲ್ಲರಿಗಿಂತ ಮೇಲೆ, ಇಂಡೋನೇಷ್ಯಾ ಎಲ್ಲರಿಗಿಂತ ಕೆಳಗೆ. 2024 ರ ಪಟ್ಟಿಯಲ್ಲಿ 180 ದೇಶಗಳಿದ್ದವು, ಅಂಕ ನೂರಕ್ಕೆ. ಆ ವರ್ಷ ಡೆನ್ಮಾರ್ಕಿಗೆ 90, ಭಾರತಕ್ಕೆ 38. ಸೂಚ್ಯಂಕದ ಹೆಸರಿನಲ್ಲೇ 'ಗ್ರಹಿಕೆ' ಎಂಬ ಮಾತಿದೆ, ಆದರೆ ಸುದ್ದಿ ಓದುವಾಗ ನಾವು ಅದನ್ನು ಮರೆಯುತ್ತೇವೆ. ಅದು ಲಂಚದ ಲೆಕ್ಕವಲ್ಲ. ಸರ್ಕಾರಿ ವಲಯದಲ್ಲಿ ಎಷ್ಟು ಭ್ರಷ್ಟಾಚಾರ ಇದೆ ಎಂದು ಉದ್ಯಮಿಗಳಿಗೂ ತಜ್ಞರಿಗೂ ಅನಿಸಿದ್ದನ್ನು 13 ಮೂಲಗಳಿಂದ ಕೂಡಿಹಾಕಿ ತೆಗೆದ ಸರಾಸರಿ. ನನ್ನಂತೆ ಬೇವಿನ ಮರದಡಿ ನಿಂತವನನ್ನು ಅದಕ್ಕಾಗಿ ಯಾರೂ ಕೇಳುವುದಿಲ್ಲ. 2023 ರಲ್ಲಿ ನಮ್ಮ ಅಂಕ 39 ಇತ್ತು, ಸ್ಥಾನ 93. ಮರುವರ್ಷ ಒಂದೇ ಒಂದು ಅಂಕ ಇಳಿಯಿತು, ಸ್ಥಾನ 96 ಆಯಿತು, 'ಮೂರು ಸ್ಥಾನ ಕುಸಿತ' ಎಂದು ತಲೆಬರಹ ಬಂತು. ಅನಿಸಿಕೆಗಳ ಸರಾಸರಿಯಲ್ಲಿ ಒಂದು ಅಂಕ ಅತ್ತಿತ್ತ ಆದದ್ದಕ್ಕೆ ಅಷ್ಟು ತೂಕ ಕೊಡುವುದು ಸರಿಯಲ್ಲ.

ಹಾಗಾದರೆ ಅನಿಸಿಕೆಗೂ ನಿಜಕ್ಕೂ ಎಷ್ಟು ನಂಟು? ಇದನ್ನು ತಿಳಿಯಲು ಬೆಂಜಮಿನ್ ಓಲ್ಕನ್ ಎಂಬ ಅರ್ಥಶಾಸ್ತ್ರಜ್ಞ ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ರಸ್ತೆ ಅಗೆಸಿದ. 608 ಹಳ್ಳಿಗಳಲ್ಲಿ ಸರ್ಕಾರದ ದುಡ್ಡಿನಲ್ಲಿ ಹೊಸ ರಸ್ತೆಗಳಾಗುತ್ತಿದ್ದವು. ಕೆಲಸ ಮುಗಿದ ಮೇಲೆ ಎಂಜಿನಿಯರುಗಳು ರಸ್ತೆಯ ಒಡಲಿನಿಂದ ಮಾದರಿ ಅಗೆದು ತೆಗೆದರು. ಎಷ್ಟು ಕಲ್ಲು, ಎಷ್ಟು ಜಲ್ಲಿ, ಎಷ್ಟು ಮರಳು ಬಿದ್ದಿದೆ ಎಂದು ಅಳೆದರು. ಆಸುಪಾಸಿನ ವ್ಯಾಪಾರಿಗಳಲ್ಲಿ ದರ ವಿಚಾರಿಸಿದರು, ಕೂಲಿಯವರಲ್ಲಿ ಕೈಗೆ ಬಂದದ್ದೆಷ್ಟು ಎಂದು ಕೇಳಿದರು. ಮರಳು ಮಳೆಗೆ ಕೊಚ್ಚಿಹೋಗಿರಬಹುದು, ಜಲ್ಲಿ ಮಣ್ಣಲ್ಲಿ ಹೂತಿರಬಹುದು ಎಂಬ ನೆಪಕ್ಕೂ ಎಡೆಯಿರಬಾರದೆಂದು ತಾವೇ ಪ್ರಾಮಾಣಿಕವಾಗಿ ಒಂದಿಷ್ಟು ರಸ್ತೆ ಹಾಕಿ, ಅದನ್ನೂ ಅಗೆದು, ಸಹಜವಾಗಿ ಎಷ್ಟು ಕಾಣೆಯಾಗುತ್ತದೆ ಎಂದು ನೋಡಿಕೊಂಡರು. ಆಮೇಲೆ ಈ ಲೆಕ್ಕವನ್ನು ಹಳ್ಳಿಯ ಖರ್ಚಿನ ಪುಸ್ತಕದ ಪಕ್ಕ ಇಟ್ಟರು. ಬರೆದ ಖರ್ಚಿನಲ್ಲಿ ಸರಾಸರಿ 24% ರಸ್ತೆಯಲ್ಲಿ ಇರಲೇ ಇಲ್ಲ.

ಅದೇ ಹಳ್ಳಿಯ ಜನರನ್ನು, ಈ ರಸ್ತೆಯಲ್ಲಿ ಮೋಸ ಆಗಿದೆಯೇ ಎಂದೂ ಕೇಳಿದ್ದರು. ಜನರ ಉತ್ತರಕ್ಕೂ ಅಗೆದು ಕಂಡದ್ದಕ್ಕೂ ನಂಟು ಇತ್ತು, ಆದರೆ ಬಹಳ ತೆಳುವಾಗಿ. ಅದರ ಕಾರಣ ಗಮನಿಸಬೇಕಾದದ್ದು. ಒಂದು ಲೋಡ್ ಮರಳಿಗೆ ದರ ಏರಿಸಿ ಬರೆದರೆ ಊರವರಿಗೆ ತಕ್ಷಣ ತಿಳಿಯುತ್ತದೆ, ಮರಳಿನ ದರ ಯಾರಿಗೆ ಗೊತ್ತಿಲ್ಲ? ಹತ್ತು ಲೋಡ್ ಹಾಕಿ ಹದಿಮೂರು ಎಂದು ಬರೆದರೆ ತಿಳಿಯುವುದಿಲ್ಲ, ರಸ್ತೆಯ ಹೊಟ್ಟೆಯಲ್ಲಿ ಎಷ್ಟಿದೆ ಎಂದು ಕಣ್ಣಿಗೆ ಕಾಣದು. ನುಂಗುವವರಿಗೆ ಇದು ಚೆನ್ನಾಗಿ ಗೊತ್ತು, ಅದಕ್ಕೇ ಅವರು ದರವನ್ನು ಮುಟ್ಟದೆ ಪ್ರಮಾಣದಲ್ಲಿ ನುಂಗುತ್ತಾರೆ. ಬೇರೆಬೇರೆ ಜನಾಂಗದವರು ಬೆರೆತು ಬದುಕುವ ಹಳ್ಳಿಗಳಲ್ಲಿ ಮೋಸದ ಅನುಮಾನ ಹೆಚ್ಚಿತ್ತು, ಮೋಸ ಕಡಿಮೆಯಿತ್ತು. ಒಬ್ಬರನ್ನೊಬ್ಬರು ನಂಬದ ಕಡೆ ಗ್ರಹಿಕೆಯ ಅಂಕ ಕೆಟ್ಟದಾಗುತ್ತದೆ, ಕಾವಲು ಮಾತ್ರ ಬಿಗಿಯಾಗಿರುತ್ತದೆ. ಒಂದು ದ್ವೀಪದ ಹಳ್ಳಿಗಳ ನಡುವೆಯೇ ಅನಿಸಿಕೆ ಇಷ್ಟು ದಾರಿ ತಪ್ಪಿಸುತ್ತದೆ ಎಂದಮೇಲೆ ದೇಶದೇಶಗಳ ನಡುವೆ ಅದನ್ನೊಂದನ್ನೇ ನೆಚ್ಚಲು ನನಗೆ ಮನಸ್ಸಾಗುವುದಿಲ್ಲ.

ಓಲ್ಕನ್ ಮಾಡಿದ್ದರ ತಿರುಳು ಇಷ್ಟು: ಲಂಚವನ್ನು ನೇರವಾಗಿ ನೋಡಲಾಗದು, ಇರಬೇಕಾದದ್ದಕ್ಕೂ ಇರುವುದಕ್ಕೂ ನಡುವಿನ ಅಂತರವನ್ನು ನೋಡಬಹುದು. ಉಗಾಂಡಾದಲ್ಲಿ ರಿತ್ವಾ ರೈನಿಕ್ಕಾ ಮತ್ತು ಯಾಕೊಬ್ ಸ್ವೆನ್ಸನ್ ಇದನ್ನೇ ಶಾಲೆಗಳಲ್ಲಿ ಮಾಡಿದರು. 1991 ರಿಂದ 1995 ರವರೆಗೆ ಪ್ರಾಥಮಿಕ ಶಾಲೆಗಳಿಗೆಂದು ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಅನುದಾನ ಒಂದು ಕಡೆ, ಶಾಲೆಯ ಪುಸ್ತಕದಲ್ಲಿ ಜಮೆಯಾದದ್ದು ಇನ್ನೊಂದು ಕಡೆ. ಸರಾಸರಿ 13% ಮಾತ್ರ ಮಕ್ಕಳ ಶಾಲೆಗೆ ತಲುಪಿತ್ತು. ಮುಂದೆ ಸರ್ಕಾರ ಯಾವ ಜಿಲ್ಲೆಗೆ ಎಷ್ಟು ಬಿಡುಗಡೆ ಎಂದು ಪತ್ರಿಕೆಗಳಲ್ಲಿ ಅಚ್ಚು ಹಾಕಿಸತೊಡಗಿತು. 2001 ರ ಹೊತ್ತಿಗೆ 80% ಗಿಂತ ಹೆಚ್ಚು ತಲುಪುತ್ತಿತ್ತು.

ಆದರೆ ರಸ್ತೆಗೆ ಜಲ್ಲಿ ಇದೆ, ಶಾಲೆಗೆ ಅನುದಾನ ಇದೆ. ನನ್ನ ಪೌತಿ ಖಾತೆಗೆ ಅಗೆಯಲು ಏನಿದೆ? ಇಲ್ಲಿ ಕೊಟ್ಟವರನ್ನೇ ಕೇಳಬೇಕು. ಈ ಕೆಲಸದಲ್ಲಿ ನಮ್ಮ ಬೆಂಗಳೂರು ಮುಂಚಿನಿಂದಲೂ ಮುಂದಿದೆ. ಸ್ಯಾಮ್ಯುಯೆಲ್ ಪಾಲ್ ಅವರು ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್ 1994, 1999, 2003 ರಲ್ಲಿ ನಗರದ ಆಯ್ದ ಮನೆಗಳಿಗೆ ಹೋಗಿ ನೀರು, ಕರೆಂಟು, ನಿವೇಶನದ ಕಚೇರಿಗಳಿಗೆ ಜನರಿಂದಲೇ ಅಂಕಪಟ್ಟಿ ಕೊಡಿಸಿತು, ಕೈಬಿಸಿ ಮಾಡಬೇಕಾಯಿತೇ ಎಂದೂ ಕೇಳಿತು. 2010 ರಲ್ಲಿ ಜನಾಗ್ರಹ ಸಂಸ್ಥೆ 'ಐ ಪೇಯ್ಡ್ ಎ ಬ್ರೈಬ್' ತಾಣ ತೆರೆದು, ಕೊಟ್ಟವರು ಹೆಸರಿಲ್ಲದೆ ಬರೆಯಲು ಜಾಗ ಮಾಡಿತು. ದೇಶದೇಶಗಳಲ್ಲಿ ಹೀಗೆ ಅನುಭವ ಕೇಳುವ ಸಮೀಕ್ಷೆಗಳೂ ಇವೆ. 2020 ರಲ್ಲಿ ಏಷ್ಯಾದ 17 ದೇಶಗಳಲ್ಲಿ, ಹಿಂದಿನ ಹನ್ನೆರಡು ತಿಂಗಳಲ್ಲಿ ಸರ್ಕಾರಿ ಸೇವೆ ಬಳಸಿದವರನ್ನು ಟ್ರಾನ್ಸ್‌ಪರೆನ್ಸಿ ಸಂಸ್ಥೆ ಕೇಳಿತು. ಭಾರತದಲ್ಲಿ 39% ಜನ ಲಂಚ ಕೊಟ್ಟೆವೆಂದರು, ಆ ದೇಶಗಳಲ್ಲೆಲ್ಲ ಹೆಚ್ಚು. ಜಪಾನಿನಲ್ಲಿ 2%.

ಕೊಟ್ಟವರು ಹೇಗೋ ಹೇಳಿಯಾರು. ತೆಗೆದುಕೊಂಡವರು? ಜಾನ್ ಮೆಯರ್ ಸಾಹ್ಲಿಂಗ್, ಕ್ರಿಶ್ಚಿಯನ್ ಶುಸ್ಟರ್ ಮತ್ತವರ ಜೊತೆಗಾರರು ಹತ್ತು ದೇಶಗಳಲ್ಲಿ 23,000 ಸರ್ಕಾರಿ ನೌಕರರನ್ನು ಮಾತಾಡಿಸಿದ್ದಾರೆ: ಕೆಲಸ ಹೇಗೆ ಸಿಕ್ಕಿತು, ಬಡ್ತಿಗೆ ಯಾರ ಶಿಫಾರಸು ಬೇಕು, ಹೀಗೆ. ನೇಮಕದ ಬಗ್ಗೆ ಇದರಿಂದ ಬಹಳ ತಿಳಿಯಿತು. ಆದರೆ 'ನೀವು ಲಂಚ ಪಡೆದಿದ್ದೀರಾ' ಎಂಬ ನೇರ ಪ್ರಶ್ನೆಗೆ ಎಷ್ಟೇ ಗುಟ್ಟಿನ ಭರವಸೆ ಕೊಟ್ಟರೂ ನಾಲಿಗೆ ಹೊರಳುವುದಿಲ್ಲ. ಅದಕ್ಕೆ 1965 ರಲ್ಲಿ ಸ್ಟ್ಯಾನ್ಲಿ ವಾರ್ನರ್ ಒಂದು ದಾರಿ ತೋರಿಸಿದ. ಅದರ ಸರಳ ರೂಪ ಹೀಗೆ: ನಾಣ್ಯವೊಂದನ್ನು ಯಾರಿಗೂ ಕಾಣದಂತೆ ಚಿಮ್ಮಿ. ತಲೆ ಬಿದ್ದರೆ ಸುಮ್ಮನೆ 'ಹೌದು' ಅನ್ನಿ, ಬಾಲ ಬಿದ್ದರೆ ನಿಜ ಹೇಳಿ. ಒಬ್ಬ 'ಹೌದು' ಅಂದರೆ ಅದು ನಾಣ್ಯದ ಮಾತೋ ಅವನ ಮಾತೋ ಕೇಳಿದವನಿಗೆ ತಿಳಿಯದು. ಆದರೆ ಸಾವಿರ ಜನರಲ್ಲಿ 620 'ಹೌದು' ಬಂದರೆ, ಸುಮಾರು 500 ನಾಣ್ಯದ್ದು. ಉಳಿದ 120, ನಿಜ ಹೇಳಬೇಕಿದ್ದ 500 ಮಂದಿಯಲ್ಲಿ ಬಂದದ್ದು. ಅಂದರೆ 24%. ಒಬ್ಬೊಬ್ಬರ ಗುಟ್ಟೂ ಉಳಿಯಿತು, ಗುಂಪಿನ ಗುಟ್ಟು ಹೊರಬಿತ್ತು.

ಈ ಉಪಾಯವನ್ನೇ ತಿರುಗಿಸಿ ಇಟ್ಟರೆ ದಾಳದ ಪ್ರಯೋಗವಾಗುತ್ತದೆ. ಅಲ್ಲಿ ನಾಣ್ಯ ನಿಜಕ್ಕೆ ಮುಸುಕು ಹಾಕಿದರೆ ಇಲ್ಲಿ ದಾಳ ಸುಳ್ಳಿಗೆ ಅವಕಾಶ ಕೊಡುತ್ತದೆ. ಜ್ಯೂರಿಕ್ಕಿನಲ್ಲಿ ಉರ್ಸ್ ಫಿಶ್‌ಬಾಖರ್ ಮತ್ತು ಫ್ರಾನ್ಜಿಸ್ಕಾ ಫೋಲ್ಮಿ ಹೊಯ್ಸಿ ವಿದ್ಯಾರ್ಥಿಗಳಿಗೆ ದಾಳ ಕೊಟ್ಟು, ಒಬ್ಬರೇ ಎಸೆದು ಬಿದ್ದದ್ದನ್ನು ಹೇಳಲು ಬಿಟ್ಟರು. ಒಂದರಿಂದ ಐದರವರೆಗೆ ಬಿದ್ದಷ್ಟು ಫ್ರಾಂಕ್, ಆರು ಬಿದ್ದರೆ ಸೊನ್ನೆ. ನ್ಯಾಯವಾಗಿ ಪ್ರತಿ ಅಂಕಿಯೂ 17% ಹತ್ತಿರ ಬರಬೇಕು. ಐದು ಬಿತ್ತೆಂದವರು 35%, ಆರು ಬಿತ್ತೆಂದು ಒಪ್ಪಿ ಬರಿಗೈಲಿ ಹೋದವರು 6%. ನಾಲ್ಕು ಬಿತ್ತೆಂದವರೂ 27% ಗೆ ಏರಿದ್ದರು. ಸುಳ್ಳು ಹೇಳುವಾಗಲೂ ಒಂದಷ್ಟು ಜನ ಪೂರ್ತಿ ಬಾಚಿಕೊಳ್ಳದೆ, ತಾನು ಅಷ್ಟೇನೂ ಕೆಟ್ಟವನಲ್ಲ ಎಂಬ ಸಮಾಧಾನಕ್ಕೆ ಒಂದು ಫ್ರಾಂಕ್ ಬಿಟ್ಟುಕೊಟ್ಟಿದ್ದರು.

ಈ ದಾಳ ಬೆಂಗಳೂರಿಗೂ ಬಂತು. ರೇಮಾ ಹನ್ನಾ ಮತ್ತು ಶಿಂಗ್ ಯಿ ವಾಂಗ್ ಇಲ್ಲಿನ 669 ಕಾಲೇಜು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ, 42 ಸಲ ದಾಳ ಎಸೆದು ಬಿದ್ದದ್ದನ್ನು ತಾವೇ ಬರೆದುಕೊಳ್ಳಲು ಹೇಳಿದರು. ಅಂಕ ಹೆಚ್ಚಿದಷ್ಟೂ ದುಡ್ಡು ಹೆಚ್ಚು. ನಲವತ್ತೆರಡೇ ಏಕೆ ಎಂದು ಕೇಳುವವರು ಒಮ್ಮೆ ಮಾಡಿ ನೋಡಬೇಕು. ಮಗಳ ಹಾವು ಏಣಿ ಡಬ್ಬದಿಂದ ದಾಳ ತೆಗೆದು ನಡುಮನೆಯ ಚಾಪೆ ಮೇಲೆ ನಾನೂ ಎಸೆದೆ. ಒಂದೊಂದು ಎಸೆತ ಹೇಗಾದರೂ ಬೀಳಬಹುದು, ಆದರೆ ಎಸೆತ ಹೆಚ್ಚಿದಂತೆ ಸರಾಸರಿ ಕಟ್ಟುನಿಟ್ಟಾಗುತ್ತ ಹೋಗುತ್ತದೆ. ದಾಳದ ಸರಾಸರಿ ಮೂರೂವರೆ, 42 ಎಸೆತಕ್ಕೆ 147. ಮೂರರಲ್ಲಿ ಎರಡು ಸಲ ಮೊತ್ತ 136 ರಿಂದ 158 ರೊಳಗೇ ಇರುತ್ತದೆ. 173 ದಾಟುವುದು ನೂರಕ್ಕೊಬ್ಬರಿಗೆ. ನನಗೆ 151 ಬಂತು. ಇಪ್ಪತ್ತನೆಯದೋ ಏನೋ, ದಾಳ ಚಾಪೆಯ ಅಂಚಿಗೆ ಒರಗಿ ಐದಕ್ಕೂ ಮೂರಕ್ಕೂ ನಡುವೆ ವಾಲಿ ನಿಂತಿತು. ನನ್ನನ್ನು ಯಾರೂ ನೋಡುತ್ತಿರಲಿಲ್ಲ, ದುಡ್ಡಿನ ಮಾತೂ ಇರಲಿಲ್ಲ. ಆದರೂ ಪೆನ್ಸಿಲು ಐದರ ಕಡೆಗೇ ಹೋಯಿತು. ಅದನ್ನು ತಡೆದು ಮತ್ತೆ ಎಸೆಯಬೇಕಾಯಿತು. ಆ ಪ್ರಯೋಗ ಅಳೆಯುವುದು ಏನನ್ನು ಎಂದು ನನಗೆ ಚೆನ್ನಾಗಿ ತಿಳಿದದ್ದು ಆ ಕ್ಷಣದಲ್ಲಿ.

ಬೆಂಗಳೂರಿನ ವಿದ್ಯಾರ್ಥಿಗಳಲ್ಲಿ ನೂರಕ್ಕೊಬ್ಬರು ದಾಟಬೇಕಾದ ಗೆರೆಯನ್ನು ಸುಮಾರು ಮೂರನೆಯ ಒಂದು ಭಾಗ ದಾಟಿದ್ದರು. ಇವರಲ್ಲಿ ಇಂಥವನೇ ಸುಳ್ಳ ಎಂದು ಬೆರಳು ಮಾಡಲಾಗದು, ಯಾರೋ ಒಬ್ಬರಿಗೆ ನಿಜವಾಗಿ ಅದೃಷ್ಟ ಒಲಿದಿರಬಹುದು. ಗುಂಪಿನ ಬಗ್ಗೆ ಮಾತ್ರ ಅನುಮಾನವೇ ಬೇಡ. ಆಮೇಲೆ ನೋಡಿದ್ದು, ಇವರಲ್ಲಿ ಯಾರಿಗೆ ಸರ್ಕಾರಿ ನೌಕರಿ ಬೇಕು ಎಂಬುದನ್ನು. ದಾಳದಲ್ಲಿ ಅಂಕ ಉಬ್ಬಿಸಿದವರಿಗೆ ಸರ್ಕಾರಿ ನೌಕರಿಯ ಆಸೆ ಹೆಚ್ಚಿತ್ತು. ಪರೋಪಕಾರದ ಮನಸ್ಸು ತೋರಿದವರಿಗೆ ಕಡಿಮೆ. ಭ್ರಷ್ಟಾಚಾರದ ಬಗ್ಗೆ ಅಭಿಪ್ರಾಯ ಕೇಳಿದಾಗ ಬಂದ ಉತ್ತರಗಳಿಂದ ಈ ನೌಕರಿಯ ಆಸೆಯನ್ನು ಊಹಿಸಲಾಗಲಿಲ್ಲ. ಇನ್ನೊಂದು ಮಾತು ನನ್ನನ್ನು ಬಹಳ ಕಾಡಿತು: ಜಾಣರನ್ನೇ ಆರಿಸಿ ನೇಮಿಸಿದರೂ ಪ್ರಾಮಾಣಿಕತೆಯ ಮಟ್ಟ ಬದಲಾಗದು. ನಮ್ಮ ಮಕ್ಕಳು ಹಗಲಿರುಳು ಬರೆಯುವ ಸ್ಪರ್ಧಾತ್ಮಕ ಪರೀಕ್ಷೆಗಳು ಬುದ್ಧಿಯನ್ನು ಸೋಸುತ್ತವೆ, ಈ ಗುಣವನ್ನು ಸೋಸುವುದಿಲ್ಲ.

ಚಿಲ್ಲರೆ ಕಾಸಿನ ದಾಳಕ್ಕೂ ನಿಜವಾದ ನೌಕರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸಂಶೋಧಕರೂ ಕೇಳಿಕೊಂಡರು. ಅದೇ ದಾಳವನ್ನು ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳ 165 ಸರ್ಕಾರಿ ನರ್ಸುಗಳ ಕೈಗೆ ಕೊಟ್ಟರು. ಅವರು ಕೆಲಸಕ್ಕೆ ಬಂದಿದ್ದರೇ ಇಲ್ಲವೇ ಎಂಬುದು, ಹೇಳದೆ ಕೇಳದೆ ಹೋಗಿ ನೋಡಿ ಬರೆದಿಟ್ಟ ಬೇರೊಂದು ಅಧ್ಯಯನದಲ್ಲಿ ಆಗಲೇ ಇತ್ತು. ದಾಳದಲ್ಲಿ ಹೆಚ್ಚು ಬರೆದುಕೊಂಡವರೇ ಕೆಲಸಕ್ಕೆ ಚಕ್ಕರ್ ಹೊಡೆದದ್ದೂ ಹೆಚ್ಚು. ಇದನ್ನು ಓದುವಾಗ ನರ್ಸುಗಳನ್ನು ಹಳಿಯುವ ಮನಸ್ಸು ನನಗಿಲ್ಲ. ಮಳೆಗಾಲದ ನಡುರಾತ್ರಿ ಲಾಂದ್ರದ ಬೆಳಕಲ್ಲಿ ಹೆರಿಗೆ ಮಾಡಿಸಿದ ಸಿಸ್ಟರುಗಳು ನಮ್ಮೂರಲ್ಲೂ ಇದ್ದರು, ಆ ಪಟ್ಟಿಯಲ್ಲಿ ನ್ಯಾಯವಾಗಿ 147 ರ ಆಸುಪಾಸು ಬರೆದವರೂ ಇದ್ದರು.

ಇಷ್ಟಕ್ಕೇ ನಿಲ್ಲಿಸಿದರೆ ಸರ್ಕಾರಿ ನೌಕರಿ ಎಂದರೆ ಮೋಸಗಾರರ ಸಂತೆ ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಆದರೆ ಡೆನ್ಮಾರ್ಕಿನಲ್ಲಿ ಸೆಬಾಸ್ಟಿಯನ್ ಬಾರ್‌ಫೋರ್ಟ್ ಮತ್ತು ಗೆಳೆಯರು ವಿದ್ಯಾರ್ಥಿಗಳ ಕೈಗೆ ಇಂಥದೇ ದಾಳದಾಟ ಕೊಟ್ಟಾಗ ಫಲಿತಾಂಶ ತಲೆಕೆಳಗಾಯಿತು. ಅಲ್ಲಿ ಪ್ರಾಮಾಣಿಕರೇ ಸರ್ಕಾರಿ ಸೇವೆ ಬಯಸಿದರು. ಸುಳ್ಳು ಬರೆದವರಿಗೆ ದುಡ್ಡಿನ ಮೇಲೆ ಆಸೆ ಹೆಚ್ಚು, ಅವರು ಹೆಚ್ಚು ಸಂಬಳದ ಖಾಸಗಿ ಕಂಪನಿಗಳ ಕಡೆ ನಡೆದರು. ಡೆನ್ಮಾರ್ಕಿನಲ್ಲಿ ಸರ್ಕಾರಿ ಸಂಬಳ ಏರಿಸಿದರೆ ಅಪ್ರಾಮಾಣಿಕರೇ ಹೆಚ್ಚು ಬಂದಾರು ಎಂದೂ ಅವರ ಲೆಕ್ಕ ಹೇಳಿತು. ಸಂಬಳ ಏರಿಸಿದರೆ ಲಂಚ ನಿಲ್ಲುತ್ತದೆ ಎಂದು ನಾವು ದಶಕಗಳಿಂದ ಆಡುತ್ತ ಬಂದ ಮಾತು ಎಲ್ಲ ಕಡೆಗೂ ಹೊಂದುವುದಿಲ್ಲ. ಮೇಲ್ಸಂಪಾದನೆ ಇದೆ ಎಂದು ಊರಿಗೆಲ್ಲ ಗೊತ್ತಿರುವ ನೌಕರಿಗೆ ಒಂದು ಬಗೆಯವರು ಬರುತ್ತಾರೆ, ಅದಿಲ್ಲವೆಂದು ಗೊತ್ತಿರುವ ನೌಕರಿಗೆ ಇನ್ನೊಂದು ಬಗೆಯವರು. ವರನ ಸಂಬಳದ ಜೊತೆಗೆ 'ಮೇಲೆ ಎಷ್ಟು ಬರುತ್ತೆ' ಎಂದು ಹೆಣ್ಣಿನ ಕಡೆಯವರು ಸಂಕೋಚವಿಲ್ಲದೆ ವಿಚಾರಿಸುವುದನ್ನು ನಾನೇ ಕೇಳಿದ್ದೇನೆ. ಆಯ್ಕೆ ಅಲ್ಲಿಂದಲೇ ಶುರುವಾಗುತ್ತದೆ.

ಈ ಸುಳ್ಳು ರಕ್ತದಲ್ಲಿ ಬಂದದ್ದೋ, ಊರಿನ ನಡೆಯೋ? ಸೈಮನ್ ಗೆಕ್ಟರ್ ಮತ್ತು ಯೊನಾಟಾನ್ ಶುಲ್ಟ್ಸ್ 23 ದೇಶಗಳ 2,568 ಯುವಜನರ ಕೈಗೆ ದಾಳ ಕೊಟ್ಟು 2016 ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಸಲ ಎಸೆಯಬೇಕು, ಮೊದಲನೆಯದನ್ನು ಮಾತ್ರ ಹೇಳಬೇಕು. ಲಂಚ, ತೆರಿಗೆ ವಂಚನೆ, ಚುನಾವಣಾ ಅಕ್ರಮ ಹೆಚ್ಚಿರುವ ದೇಶಗಳಲ್ಲಿ ಸುಳ್ಳೂ ಹೆಚ್ಚಿತ್ತು. ಹಾಗೆಂದು ಎಲ್ಲೂ ಜನ ಪೂರ್ತಿ ನಾಚಿಕೆ ಬಿಟ್ಟಿರಲಿಲ್ಲ. ಹಲವರು ಎರಡರಲ್ಲಿ ದೊಡ್ಡದನ್ನು ಹೇಳಿದ್ದರು, ಬಿದ್ದದ್ದನ್ನೇ ಹೇಳಿದೆ ಎಂದು ಮನಸ್ಸಿಗೆ ಒಪ್ಪಿಸಿಕೊಳ್ಳುವಂತೆ. ದೇಶದ ಅಕ್ರಮದ ಅಂಕಿಗಳು 2003 ರವು, ಆಗ ಈ ಯುವಜನರು ಎಳೆಯರು. ಆ ಅಕ್ರಮ ಅವರು ಮಾಡಿದ್ದಲ್ಲ, ಅವರು ಬೆಳೆದ ಗಾಳಿ.

ಆ ಗಾಳಿಯನ್ನು ಸರ್ಕಾರಿ ನೌಕರರು ಎಷ್ಟು ದೂರ ಹೊತ್ತೊಯ್ಯುತ್ತಾರೆ ಎಂಬುದಕ್ಕೆ ನ್ಯೂಯಾರ್ಕಿನ ಬೀದಿಗಳಲ್ಲಿ ಉತ್ತರ ಸಿಕ್ಕಿತು. ವಿಶ್ವಸಂಸ್ಥೆಯಲ್ಲಿರುವ ನಾನಾ ದೇಶದ ರಾಜತಾಂತ್ರಿಕರು ಕಾರನ್ನು ಎಲ್ಲೆಂದರಲ್ಲಿ ನಿಲ್ಲಿಸಿದರೆ ನಗರದವರು ದಂಡದ ಚೀಟಿ ಹಾಕುತ್ತಿದ್ದರು, ಆದರೆ ರಾಜತಾಂತ್ರಿಕ ರಕ್ಷಣೆ ಇದ್ದುದರಿಂದ ದಂಡ ಕಟ್ಟಿಸುವಂತಿರಲಿಲ್ಲ. ಊರು ಒಂದೇ, ಬೀದಿ ಒಂದೇ, ತಪ್ಪಿಗೆ ಶಿಕ್ಷೆಯಿಲ್ಲ ಎಂಬುದೂ ಎಲ್ಲರಿಗೂ ಒಂದೇ. ಬೇರೆ ಇದ್ದದ್ದು ಬಂದ ದೇಶ ಮಾತ್ರ. 1997 ರಿಂದ 2002 ರವರೆಗೆ ಕಟ್ಟದೆ ಉಳಿದ ಚೀಟಿಗಳು 1,50,000 ಕ್ಕೂ ಹೆಚ್ಚು, ಬಾಕಿ 1.8 ಕೋಟಿ ಡಾಲರ್. ರೇ ಫಿಸ್ಮನ್ ಮತ್ತು ಎಡ್ವರ್ಡ್ ಮಿಗೆಲ್ ಅವನ್ನು ದೇಶವಾರು ವಿಂಗಡಿಸಿದರು. ಕುವೈತಿನವರು ತಲೆಗೆ 246. ನಾರ್ವೆ, ಸ್ವೀಡನ್, ಜಪಾನಿನವರದು ಸೊನ್ನೆ. ಗ್ರಹಿಕೆಯ ಸೂಚ್ಯಂಕಗಳಲ್ಲಿ ಕೆಳಗಿದ್ದ ದೇಶದವರ ಚೀಟಿಗಳು ಸಾಮಾನ್ಯವಾಗಿ ಹೆಚ್ಚೇ ಇದ್ದವು. ಅನಿಸಿಕೆಯ ಪಟ್ಟಿಯಲ್ಲೂ ಸತ್ಯದ ಪಾಲಿದೆ ಎಂದು ನಾನು ಒಪ್ಪುವುದು ಈ ಚೀಟಿಗಳನ್ನು ನೋಡಿದ ಮೇಲೆ. ಆದರೆ 2002 ರ ಅಕ್ಟೋಬರಿನಲ್ಲಿ ನಿಯಮ ಬದಲಾಯಿತು. ಬಾಕಿ ಉಳಿಸಿಕೊಂಡ ಕಾರುಗಳ ವಿಶೇಷ ನಂಬರ್ ಫಲಕ ಕಿತ್ತುಕೊಳ್ಳಲಾಯಿತು, ಬಾಕಿಯ 110% ಅನ್ನು ಆ ದೇಶಕ್ಕೆ ಅಮೆರಿಕ ಕೊಡುವ ನೆರವಿನಲ್ಲಿ ಮುರಿದುಕೊಳ್ಳಲು ದಾರಿಯಾಯಿತು. ಚೀಟಿಗಳು 98% ಇಳಿದವು.

ಕರ್ನಾಟಕದ ಆರೋಗ್ಯ ಕೇಂದ್ರಗಳಲ್ಲಿ ನರ್ಸುಗಳ ಹಾಜರಿ ಬರೆದಿಟ್ಟ ಆ ಇನ್ನೊಂದು ಅಧ್ಯಯನ ಕೂಡ ಇಂಥದೊಂದು ನಿಯಮದ ಬಗ್ಗೆಯೇ ಇತ್ತು. ಇಕ್ಬಾಲ್ ಧಾಲಿವಾಲ್ ಮತ್ತು ರೇಮಾ ಹನ್ನಾ ರಾಜ್ಯ ಸರ್ಕಾರದ ಜೊತೆ ಸೇರಿ ಐದು ಜಿಲ್ಲೆಗಳ 322 ಕೇಂದ್ರಗಳಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ, ಅಲ್ಲಿ ಹೆಬ್ಬೆರಳು ಒತ್ತಿ ಹಾಜರಿ ಹಾಕುವ ಯಂತ್ರ ಇಡಿಸಿದ್ದರು. ಗೈರಿಗೆ ಸಂಬಳ, ರಜೆ ಕಡಿತ ಮಾಡುವುದರಲ್ಲಿ ಇಲಾಖೆ ಅಷ್ಟೇನೂ ಬಿಗಿ ತೋರಲಿಲ್ಲ, ನೌಕರರ ಅಸಮಾಧಾನದ ಭಯ ಇತ್ತು. ಡಾಕ್ಟರುಗಳ ಹಾಜರಿ ಹೆಚ್ಚಲಿಲ್ಲ. ನರ್ಸುಗಳು, ಫಾರ್ಮಸಿಸ್ಟರು, ಲ್ಯಾಬ್ ಟೆಕ್ನೀಶಿಯನ್ನರು ಮಾತ್ರ ಹೆಚ್ಚು ದಿನ ಬರತೊಡಗಿದರು. ಯಂತ್ರವಿದ್ದ ಕೇಂದ್ರಗಳ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳ ತೂಕವನ್ನೂ ಅವರು ತೆಗೆದು ನೋಡಿದ್ದಾರೆ. ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಕೂಸುಗಳು ಅಲ್ಲಿ ಕಡಿಮೆಯಾಗಿದ್ದವು.